ತಾಯಿಕೋಳಿಯ ಬಳುವಳಿ

ಹೇಂಟೆ 21 ದಿನ ಕಾವು ಕೊಟ್ಟು ಮರಿ ಮಾಡುತ್ತದೆ. ಮರಿ ತಾಯಿಯ ಹಿಂದೆ ತಿಪ್ಪೆ ಕೆದರುತ್ತಾ ಕಾಳು ಹೆಕ್ಕುತ್ತದೆ. ಕಾಳಿನೊಡನೆ ತಾಯಿಯ ಹಿಕ್ಕೆಯ ಅಂಶವೂ ಅದರ ಹೊಟ್ಟೆ ಸೇರುತ್ತದೆ. ನೋಡುವವರಿಗೆ ಅಸಹ್ಯವೆನಿಸಬಹುದು, ಮರಿಗೆ ಅದೇ ರಕ್ಷೆ.

ಯಂತ್ರದ ಕಾವಿನಲ್ಲಿ ಹುಟ್ಟುವ ಫಾರಂ ಮರಿಗೆ ಈ ಭಾಗ್ಯವಿಲ್ಲ. ಅದು ತಾಯಿಯ ಮುಖವನ್ನೇ ಕಾಣದು. ಅದರ ಕರುಳು ಬಹುಮಟ್ಟಿಗೆ ಖಾಲಿ ನಿವೇಶನ. ಮೊದಲು ಬಂದು ನೆಲೆಸುವುದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಆದರೆ ಗತಿಯೇನು?

1971ರಲ್ಲಿ ಫಿನ್ಲೆಂಡಿನ ಕೋಳಿ ಫಾರಂಗಳಲ್ಲಿ ಹೀಗೇ ಆಯಿತು. ಎಸ್ಕೊ ನೂರ್ಮಿ ಮತ್ತು ಸಹೋದ್ಯೋಗಿ ರಂಟಾಲಾ ಒಂದು ಸರಳ ಪ್ರಯೋಗ ಮಾಡಿದರು. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಗಳನ್ನು ಎಳೆಮರಿಗಳಿಗೆ ಕುಡಿಸಿದರು. ಆ ಮರಿಗಳು ಸಾಲ್ಮೊನೆಲ್ಲಾವನ್ನು ತಡೆದುಕೊಂಡವು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಹಾಕದಿದ್ದರೆ ಯಾವುದೋ ಸೂಕ್ಷ್ಮಜೀವಿ ಸೇರಿ ಹಾಲು ಕೆಡುತ್ತದೆ. ಕರುಳಿನಲ್ಲೂ ಅಷ್ಟೆ: ಒಳ್ಳೆಯ ಬ್ಯಾಕ್ಟೀರಿಯಗಳು ಮೊದಲೇ ಜಾಗ ಹಿಡಿಯುತ್ತವೆ, ಆಹಾರ ಬಳಸಿಕೊಳ್ಳುತ್ತವೆ, ಆಮ್ಲ ತಯಾರಿಸಿ ಶತ್ರುವಿಗೆ ನೆಲೆ ತಪ್ಪಿಸುತ್ತವೆ. ಕರುಳಿನ ರಕ್ಷಣಾ ಕೋಶಗಳಿಗೆ ತರಬೇತಿಯನ್ನೂ ಕೊಡುತ್ತವೆ. ಇಂದು ಮೇವಿನಲ್ಲಿ ಬೆರೆಸುವ ಪ್ರೋಬಯಾಟಿಕ್‌ಗಳ ಕೆಲಸ ಇದೇ.

ಯೀಸ್ಟಿನ ಕೋಶಭಿತ್ತಿಯದು ಇನ್ನೊಂದು ಉಪಾಯ. ಸಾಲ್ಮೊನೆಲ್ಲಾ ತನ್ನ ಕೂದಲಿನಂಥ ಎಳೆಗಳಿಂದ ಕರುಳಿನ ಗೋಡೆಯ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದು ಅಂಟಿಕೊಳ್ಳುತ್ತದೆ. ಯೀಸ್ಟಿನ ಕೋಶಭಿತ್ತಿಯಲ್ಲೂ ಅದೇ ಸಕ್ಕರೆಯುಂಟು. ಮೋಸಹೋದ ಬ್ಯಾಕ್ಟೀರಿಯ ಅದನ್ನೇ ಅಪ್ಪಿಕೊಂಡು ಹಿಕ್ಕೆಯೊಡನೆ ಹೊರಬೀಳುತ್ತದೆ!

ಈ ಉಪಾಯಗಳೆಲ್ಲ ಏಕೆ ಬೇಕು? ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವ ರೂಢಿ ಬಹುಕಾಲ ನಡೆಯಿತು. ದಿನವೂ ಔಷಧ ಕಂಡ ಬ್ಯಾಕ್ಟೀರಿಯಗಳು ಅದಕ್ಕೆ ಮಣಿಯುವುದನ್ನೇ ಬಿಡುತ್ತವೆ. ಅವು ಮನುಷ್ಯರಿಗೆ ದಾಟಿದರೆ, ಕಾಯಿಲೆ ಬಿದ್ದ ಮಗುವಿಗೆ ಅದೇ ಔಷಧ ನಾಟದೆ ಹೋಗಬಹುದು. ಯುರೋಪಿನ ಒಕ್ಕೂಟ 2006ರಿಂದ ಬೆಳವಣಿಗೆಗಾಗಿ ಹೀಗೆ ಬೆರೆಸುವುದನ್ನು ನಿಷೇಧಿಸಿತು. ಭಾರತವು 2019ರಲ್ಲಿ ಕೋಳಿ ಮತ್ತಿತರ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸದಂತೆ ನಿಷೇಧ ಹೇರಿತು.

ಆದರೆ ಒಂದು ಎಚ್ಚರಿಕೆ. ಅರಿಶಿನ, ಬೆಳ್ಳುಳ್ಳಿ, ಪ್ರೋಬಯಾಟಿಕ್ ಯಾವುದೂ ಲಸಿಕೆಗೆ ಬದಲಿಯಲ್ಲ. ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿಸಲೇಬೇಕು; ಗೂಡು ಒಣಗಿರಬೇಕು, ಕುಡಿಯುವ ನೀರು ಶುದ್ಧವಿರಬೇಕು. ಮನೆಯಲ್ಲಿ ಕೋಳಿ ಸಾಕಿರುವ ಮಕ್ಕಳು ಮರಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು. ತಾಯಿಕೋಳಿಯ ಬಳುವಳಿ ಮರಿಗೆ ಮಾತ್ರ ಸಲ್ಲುತ್ತದೆ, ನಮಗಲ್ಲ.