ಅಕ್ಕಸಾಲಿಗನ ಚಿಂತೆ

ಒಂದನೆಯ ಶತಮಾನದ ಎಫೆಸ ಪಟ್ಟಣದಲ್ಲಿ ದೇಮೇತ್ರಿಯನೆಂಬ ಅಕ್ಕಸಾಲಿಗನು ಅರ್ತೆಮೀದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದನು. ಮನುಷ್ಯನ ಕೈಕೆಲಸವು ದೇವರಾಗದೆಂದು ಪೌಲನು ಬೋಧಿಸಲು, ಅವನು ಕಸುಬಿನವರನ್ನು ಕೂಡಿಸಿ ಮೊದಲು ಹೇಳಿದ್ದು ವರಮಾನದ ಮಾತು. ದೇವಿಯ ಮಹಿಮೆ ಆಮೇಲೆ ನೆನಪಾಯಿತು! ಜನರು ರಂಗಸ್ಥಳಕ್ಕೆ ನುಗ್ಗಿ ಎರಡು ಗಂಟೆ ಕೂಗಿದರು. ಬಹುಮಂದಿಗೆ ತಾವೇಕೆ ಸೇರಿದೆವೆಂಬುದೇ ತಿಳಿದಿರಲಿಲ್ಲ.

ಅವನನ್ನು ಕಂಡು ನಗುವುದು ಸುಲಭ. ಆದರೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಲೋಭವನ್ನೂ ವಿಗ್ರಹಾರಾಧನೆಯೆಂದೇ ಕರೆದಿದೆ; ಆ ಮಾತು ಕ್ರೈಸ್ತರಿಗೇ ಹೇಳಿದ್ದು. ಬೆಳ್ಳಿಯ ಗುಡಿಯನ್ನು ಕೊಳ್ಳದವನೂ ಬೆಳ್ಳಿಗೆ ಕೈಮುಗಿಯುತ್ತಿರಬಹುದಷ್ಟೆ.

ಜೀವಸ್ವರೂಪನಾದ ದೇವರನ್ನು ನಂಬಿದ ಎಫೆಸದವರು ಇದನ್ನು ಅರಿತಿದ್ದಂತೆ ತೋರುತ್ತದೆ. ಈ ಗಲಭೆಗೆ ಮುನ್ನವೇ ಅವರಲ್ಲಿ ಮಾಟಮಂತ್ರ ನಡೆಸುತ್ತಿದ್ದವರು ತಮ್ಮ ಪುಸ್ತಕಗಳನ್ನು ಎಲ್ಲರೆದುರು ಸುಟ್ಟರು. ಬೆಲೆ ಕಟ್ಟಿದಾಗ 50,000 ಬೆಳ್ಳಿಯ ನಾಣ್ಯಗಳಾದುವು. ಮಾರಿದ್ದರೆ ಕೊಳ್ಳುವವರಿಗೆ ಆ ಊರಿನಲ್ಲಿ ಬರವಿರಲಿಲ್ಲ.