ಹಲ್ಲು ಕಿತ್ತ ಮೇಲೆ ತುಟಿ ಜೋಮು: ಸುಮ್ಮನಿರಬೇಡಿ

ಕೆಳದವಡೆಯ ಬುದ್ಧಿಹಲ್ಲು ಕೀಳಿಸಲು ಹೊರಟಿದ್ದೀರಾ? ಅದರ ಬೇರಿನ ಹತ್ತಿರವೇ ಕೆಳತುಟಿ, ಗದ್ದಗಳಿಗೆ ಸ್ಪರ್ಶಜ್ಞಾನ ನೀಡುವ ನರ ಹಾದುಹೋಗುತ್ತದೆ. ಒಳಬದಿಯಲ್ಲಿ ನಾಲಿಗೆಯ ನರವಿದೆ. ಎಕ್ಸ್‌ರೇಯಲ್ಲಿ ಬೇರು ನರಕ್ಕೆ ತಾಗಿದಂತೆ ಕಂಡರೆ, ‘ಬೇರು ಬಿಟ್ಟು ಮೇಲ್ಭಾಗವನ್ನಷ್ಟೇ ತೆಗೆಯಬಹುದೇ?’ ಎಂದು ವೈದ್ಯರನ್ನು ಮೊದಲೇ ಕೇಳಿ. ಇದು ಅಪನಂಬಿಕೆಯಲ್ಲ, ನಿಮ್ಮ ಹಕ್ಕು.

ಅರಿವಳಿಕೆ ಕೆಲವು ಗಂಟೆಗಳಲ್ಲಿ ಇಳಿಯಬೇಕು. ಮರುದಿನವೂ ಜೋಮು ಉಳಿದರೆ ತಕ್ಷಣ ವೈದ್ಯರಿಗೆ ತಿಳಿಸಿ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ನಿಜ. ಆದರೆ ಕೆಲವರಿಗೆ ಅದು ಶಾಶ್ವತ. ತುಂಡಾದ ನರವನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಮೊದಲ ಕೆಲವು ತಿಂಗಳಲ್ಲಾದರೆ ಹೆಚ್ಚು ಫಲಕಾರಿ. ಸಂಕೋಚದಿಂದ ಕಾದವರಿಗೆ ಆ ಅವಕಾಶ ಕೈತಪ್ಪಬಹುದು.

ಬಿಸಿ ಚಹಾ ತುಟಿ ಸುಟ್ಟರೂ ತಿಳಿಯದ ಸ್ಥಿತಿ ಸಣ್ಣದಲ್ಲ. ಕೀಳಿಸುವ ಮೊದಲು ಕೇಳಿ, ಕೀಳಿಸಿದ ಮೇಲೆ ಹೇಳಿ.