ಆಪರೇಷನ್ ಬೇಡವೆಂದರೆ ಚಿಕಿತ್ಸೆಯೇ ಇಲ್ಲವೆಂದಲ್ಲ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ದೊಡ್ಡ ಎಂ.ಆರ್.ಐ. ಲಕೋಟೆ ಇರುತ್ತದೆ. ಭಟ್ಕಳದಿಂದ ಸುಮಾರು 90 ಕಿ.ಮೀ. ದೂರದ ಮಣಿಪಾಲಕ್ಕೋ, ಇನ್ನೂ ದೂರದ ಮಂಗಳೂರಿಗೋ ಹೋಗಿ ತೆಗೆಸಿದ್ದು. "ಕುತ್ತಿಗೆಯ ಮೂಳೆ ಸವೆದಿದೆ, ಆಪರೇಷನ್ ಮಾಡುವ ಹಾಗಿಲ್ಲ" ಎಂದು ಕೇಳಿ ಬಂದವರು, ಇನ್ನು ಜೀವನವಿಡೀ ನರಳುವುದೇ ಗತಿಯೆಂದು ಕೈಚೆಲ್ಲುತ್ತಾರೆ. ನೀವೂ ಹಾಗೆ ಭಾವಿಸಿದ್ದರೆ, ಸ್ವಲ್ಪ ತಾಳಿ.

ಕುತ್ತಿಗೆಯ ಆಪರೇಷನ್ ಮುಖ್ಯವಾಗಿ ನರ ಅಥವಾ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದವರಿಗೆ. ಬರೀ ನೋವಿಗೆ ಅದರಿಂದ ಲಾಭವಾಗುವುದು ಖಚಿತವಿಲ್ಲ. ಇನ್ನು ಕೆಲವರಿಗೆ ಹೃದಯದ ಕಾಯಿಲೆಯಿಂದಾಗಿ ಅರಿವಳಿಕೆ ಅಪಾಯಕಾರಿ. ನಿಮಗೆ ಬೇಡವೆಂದದ್ದು ಯಾವ ಕಾರಣಕ್ಕೆ ಎಂದು ವೈದ್ಯರಲ್ಲಿ ಕೇಳಿ ತಿಳಿಯಿರಿ. 'ಸವೆತ' ಎಂಬ ಪದಕ್ಕೆ ಹೆದರಬೇಡಿ. 50 ದಾಟಿದ ಹೆಚ್ಚಿನವರ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ.

ನಮ್ಮ ತಲೆಯ ಭಾರ ಸುಮಾರು 5 ಕಿಲೋ. ತಲೆ ಬಗ್ಗಿಸಿದಷ್ಟೂ ಕುತ್ತಿಗೆಯ ಮೇಲಿನ ಹೊರೆ ಹೆಚ್ಚುತ್ತದೆ. 60 ಡಿಗ್ರಿ ಬಗ್ಗಿಸಿದರೆ ಅದು ಸುಮಾರು 27 ಕಿಲೋ ಆಗುತ್ತದೆಂದು ಅಮೇರಿಕದ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದ್ದರು. ಗಂಟೆಗಟ್ಟಲೆ ಮಲ್ಲಿಗೆ ಕಟ್ಟುವವರು, ಮೀನು ಕೊಯ್ಯುವವರು, ಮೊಬೈಲ್ ನೋಡುವವರು ಇದನ್ನು ನೆನಪಿಡಬೇಕು. ಕೆಲಸವನ್ನು ಎತ್ತರಕ್ಕೆ ತನ್ನಿ, ತಲೆಯನ್ನು ತಗ್ಗಿಸಬೇಡಿ. ಹೂವಿನ ಬುಟ್ಟಿ ಸ್ಟೂಲಿನ ಮೇಲಿರಲಿ, ಕುರ್‌ಆನ್ ಓದುವಾಗ ರೆಹಾಲ್ ಎತ್ತರದಲ್ಲಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನೀರಿನ ಕೊಡ, ಹೊರೆ ತಲೆಯ ಮೇಲೆ ಬೇಡ.

ನಿಜವಾದ ಮದ್ದು ವ್ಯಾಯಾಮ. ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯುವುದು, ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗದಂತೆ ತಡೆಯುವುದು, ಇಂಥವನ್ನು ಫಿಸಿಯೋಥೆರಪಿಸ್ಟ್‌ರಿಂದ ಒಮ್ಮೆ ಸರಿಯಾಗಿ ಕಲಿತರೆ ದಿನಾ ಮನೆಯಲ್ಲೇ ಮಾಡಬಹುದು. ಬೆನ್ನುಹುರಿ ಒತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಮಾಡಬಾರದು. ಫಲ ಕಾಣಲು ಕೆಲವು ವಾರ ಬೇಕು. ಬಿಸಿನೀರಿನ ಶಾಖ ಒಳ್ಳೆಯದು. ಕಾಲರ್ ಪಟ್ಟಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಸ್ನಾಯುಗಳು ಸೊರಗುತ್ತವೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ಲಟಿಕೆ ತೆಗೆಸಿದರೆ ಮೆದುಳಿಗೆ ಹೋಗುವ ರಕ್ತನಾಳಕ್ಕೇ ಪೆಟ್ಟಾದೀತು.

ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಹೋಗಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರ ಮೂತ್ರಪಿಂಡಕ್ಕೆ ಅದು ವಿಶೇಷ ಹಾನಿಕರ. ಹಳೆಯ ನೋವಿಗೆ ವೈದ್ಯರು ಕೆಲವೊಮ್ಮೆ ಖಿನ್ನತೆಯ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. "ನನಗೇನು ಹುಚ್ಚೇ?" ಎಂದು ಅದನ್ನು ಎಸೆಯಬೇಡಿ. ಅದು ನರಗಳ ನೋವನ್ನು ತಗ್ಗಿಸಲು ಕೊಡುವುದು.

ಸುಜೂದ್ ಮಾಡಲಾಗುತ್ತಿಲ್ಲವೆಂದು ಕೊರಗುವವರಿದ್ದಾರೆ. ರೋಗಿಯಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿವರ್ಯರು(ಸ) ಹೇಳಿದ್ದರು. ಧರ್ಮ ನೀಡಿದ ರಿಯಾಯಿತಿಯನ್ನು ಪಡೆಯಲು ಸಂಕೋಚವೇಕೆ?

ಕೈಯಿಂದ ವಸ್ತು ಜಾರುವುದು, ಗುಂಡಿ ಹಾಕಲಾಗದಿರುವುದು, ನಡಿಗೆ ತಡವರಿಸುವುದು, ಮೂತ್ರದ ಹತೋಟಿ ತಪ್ಪುವುದು ಅಪಾಯದ ಸೂಚನೆ. ಬೇಡವೆಂದಿದ್ದ ಆಪರೇಷನ್ ಬಗ್ಗೆ ಆಗ ಮರುಯೋಚನೆ ಬೇಕಾದೀತು. ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಮನೆಯವರಿಗೊಂದು ಮಾತು. ಈ ನೋವು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕೆಲಸಗಳ್ಳತನವೆಂದು ಅತ್ತೆಯೋ ಪತಿಯೋ ಆಡಿಕೊಂಡರೆ ನೋವು ಇಮ್ಮಡಿಯಾಗುತ್ತದೆ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಮಗ ಕೊಡ ಎತ್ತಲಿ, ಪತಿ ಮೀನು ಕೊಯ್ಯಲಿ. ಆಪರೇಷನ್ ಇಲ್ಲದ ಈ ಚಿಕಿತ್ಸೆಯಲ್ಲಿ ಅದೂ ಒಂದು ಮದ್ದು. ಅಲ್ಲಾಹನು ಎಲ್ಲ ರೋಗಿಗಳಿಗೂ ಶಮನ ನೀಡಲಿ.